ಹೊದಿಕೆ ಇಲ್ಲದ ತಂತಿ

ನಮ್ಮೂರಿನಲ್ಲಿ ತಂತಿಯ ಮೇಲೆ ಹೋಗುವ ಮಾತು ಕಂಬದ ಬುಡದಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ಯಾರೋ ಮನೆಯಲ್ಲಿ ಕೂತು ಫೋನಿನಲ್ಲಿ ನಾಲ್ಕು ಸಾಲು ಒತ್ತಿದರೆ ಅವು ತಂತಿ ಹಿಡಿದು ಹೊರಡುತ್ತವೆ, ಪ್ರತಿ ಕಂಬದ ಹತ್ತಿರವೂ ನೆಗಡಿಯಾದವರ ದನಿಯಲ್ಲಿ ಒಂದು ಸಲ ಕೇಳಿಸಿ ಮುಂದಿನ ಕಂಬಕ್ಕೆ ಹೋಗುತ್ತವೆ. ಹೊರಗಿನಿಂದ ಬಂದವರು ಮೊದಲ ದಿನ ಕತ್ತೆತ್ತಿ ನೋಡುತ್ತಾ ನಿಲ್ಲುತ್ತಾರೆ. ಮಾರನೆಯ ದಿನ ಅವರೂ ಒಂದು ಕುರ್ಚಿ ಹುಡುಕುತ್ತಾರೆ. ನನ್ನ ಕಾಫಿ ಅಂಗಡಿ ಇರುವುದು ಬಸ್ ನಿಲ್ದಾಣದ ಎದುರಿನ ಕಂಬದ ಬುಡದಲ್ಲಿ. ಊರಿನ ಮುಕ್ಕಾಲು ಪಾಲು ಮಾತು ಆ ಕಂಬವನ್ನು ಹಾದೇ ಹೋಗಬೇಕು. ನಮ್ಮಪ್ಪ ಅಂಗಡಿಗೆ ಜಾಗ ಆರಿಸುವಾಗ ನೀರು ನೆರಳು ಯಾವುದನ್ನೂ ನೋಡಲಿಲ್ಲ, ಕಂಬವೊಂದನ್ನೇ ನೋಡಿದ. ನನ್ನ ಕಾಫಿ ಚೆನ್ನಾಗಿದೆ ಎಂದು ಇದುವರೆಗೆ ಯಾರೂ ಹೇಳಿಲ್ಲ, ಆದರೆ ನನ್ನ ಬೆಂಚು ಎಂದೂ ಖಾಲಿ ಇದ್ದದ್ದಿಲ್ಲ.

ಬ್ಯಾಂಕಿನವರ ಮಾತು ಮಾತ್ರ ಕೇಳಿಸುವುದಿಲ್ಲ. ಅವರು ತಮ್ಮ ತಂತಿಗೆ ಹೊದಿಕೆ ಹಾಕಿಸಿಕೊಂಡಿದ್ದಾರೆ. ಅದರ ಕೆಳಗೆ ನಿಂತರೆ ಜೇನುಗೂಡಿನ ಹತ್ತಿರ ನಿಂತ ಹಾಗೆ ಗುಂಯ್ ಎನ್ನುತ್ತದೆ, ಅಷ್ಟೆ. ಹೊದಿಕೆ ಇಲ್ಲದಿರುವುದು ನಮ್ಮ 'ಕಟ್ಟೆ'ಗೆ. ಕಟ್ಟೆ ಎಂದರೆ ಊರಿನವರೇ ಸೇರಿ ನಡೆಸುವ ವೆಬ್‌ಸೈಟು. ಯಾವ ಬಸ್ಸು ಕೆಟ್ಟಿದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರಿಗೆ ರಕ್ತ ಬೇಕು, ನಲ್ಲಿಯಲ್ಲಿ ನೀರು ಯಾವಾಗ, ಎಲ್ಲ ಅದರಲ್ಲೇ. ಒಳಗೆ ಹೋಗಲು ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಇದೆ. ಆದರೆ ಅದೂ ತಂತಿಯ ಮೇಲೇ ಹೋಗಬೇಕಲ್ಲ, ಹಾಗಾಗಿ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಇನ್ನೊಬ್ಬರದನ್ನು ಬಳಸದೆ ಇರುವುದಕ್ಕೆ ನಾವು ಮರ್ಯಾದೆ ಎನ್ನುತ್ತೇವೆ. ಊಟದ ತಟ್ಟೆ ದಾಟಬಾರದು ಎಂದು ಮಕ್ಕಳಿಗೆ ಕಲಿಸುವ ವಯಸ್ಸಿನಲ್ಲೇ ಇದನ್ನೂ ಕಲಿಸುತ್ತೇವೆ. ಕಟ್ಟೆಯ ಅಧ್ಯಕ್ಷರಾದ ಶಾಮಿಯಾನ ಅಂಗಡಿಯ ಸಿದ್ದವೀರಪ್ಪನವರು ತಮ್ಮ ಪಾಸ್‌ವರ್ಡ್ ಮರೆತಾಗ ನನ್ನನ್ನೇ ಬಂದು ಕೇಳುತ್ತಾರೆ.

ಕಟ್ಟೆಯಲ್ಲಿ ಆರೋಗ್ಯದ ಪುಟ ಒಂದಿದೆ. ಊರಿನಲ್ಲಿ ಡಾಕ್ಟರಿಲ್ಲ. ಇಲ್ಲೇ ಹುಟ್ಟಿ ದೂರದ ಪಟ್ಟಣದಲ್ಲಿ ನೆಲೆಸಿರುವ ಡಾಕ್ಟರೊಬ್ಬರು ಹುಟ್ಟಿದೂರಿನ ಅಭಿಮಾನಕ್ಕೆ ಆ ಪುಟದಲ್ಲಿ ಕೇಳಿದವರಿಗೆಲ್ಲ ಉತ್ತರ ಬರೆಯುತ್ತಾರೆ. ಆದರೆ ತನಗೇ ಕಾಯಿಲೆ ಎಂದು ಯಾರೂ ಬರೆಯುವುದಿಲ್ಲ, ಕಂಬಗಳ ಕೆಳಗೆ ಜನ ಕೂತಿರುತ್ತಾರೆ. 'ನನ್ನ ಚಿಕ್ಕಮ್ಮನಿಗೆ' ಎಂದೇ ಬರೆಯುವುದು. ಯಾವ ಕಾಲದಲ್ಲಿ ಯಾರು ಶುರು ಮಾಡಿದರೋ, ಗಂಡಸರಿಗೂ ಚಿಕ್ಕಮ್ಮನೇ. ಮೂಲವ್ಯಾಧಿ ಚಿಕ್ಕಮ್ಮನಿಗೆ, ತಲೆ ಬೋಳಾಗುತ್ತಿರುವುದು ಚಿಕ್ಕಮ್ಮನಿಗೆ. ಹೆಂಡತಿಯ ಹತ್ತಿರ ಹೋಗಲು ಚಿಕ್ಕಮ್ಮನಿಗೆ ಮನಸ್ಸೇ ಬರುತ್ತಿಲ್ಲ ಎಂದು ಒಬ್ಬರು ಬರೆದಾಗಲೂ ನನ್ನ ಬೆಂಚಿನ ಮೇಲಿದ್ದವರು ನಗಲಿಲ್ಲ, ಲೋಟದೊಳಗೆ ನೋಡುತ್ತಾ ಕೂತರು. ಬರೆದವರ ಹೆಸರು ಮಾತಿನ ಜತೆಗೇ ಕೇಳಿಸಿರುತ್ತದೆ. ಎಲ್ಲರಿಗೂ ತಿಳಿಯುತ್ತದೆ, ತಿಳಿಯಿತೆಂದು ಯಾರೂ ತೋರಿಸಿಕೊಳ್ಳುವುದಿಲ್ಲ. ಡಾಕ್ಟರೂ ಜಾಣರು. ನಿಮ್ಮ ಚಿಕ್ಕಮ್ಮ ಮೊದಲು ಬೀಡಿ ಬಿಡಲಿ ಎಂದು ಬರೆಯುತ್ತಾರೆ.

ಕಟ್ಟೆಯ ಕೆಲಸವನ್ನೆಲ್ಲ ನೋಡಿಕೊಳ್ಳುವವನು ಮುನೀರ್. ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಕಟ್ಟೆಯ ಸಭೆ ಸೇರಿದಾಗಲೆಲ್ಲ ಅವನದು ಒಂದೇ ವರಾತ. "ಮೊದಲು ಹೊದಿಕೆಗೆ ಕಾಸು ಕೊಡಬೇಕಿತ್ತು ಯಜಮಾನ್ರೇ, ಈಗ ಪುಕ್ಕಟೆ ಕೊಡೋರಿದ್ದಾರೆ. ಒಂದು ಮಧ್ಯಾಹ್ನದ ಕೆಲಸ. ಹಾಕಿಬಿಡೋಣ." ಸಿದ್ದವೀರಪ್ಪನವರದೂ ಒಂದೇ ಉತ್ತರ. "ಬ್ಯಾಂಕಿನಲ್ಲಿ ದುಡ್ಡಿದೆ, ಹೊದಿಸಿಕೊಳ್ತಾರೆ. ನಮ್ಮ ಹತ್ರ ಮುಚ್ಚಿಡೋಕೆ ಏನಿದೆಯಯ್ಯಾ? ಎಮ್ಮೆ ಕಳೆದುಹೋಗಿದೆ ಅನ್ನೋದನ್ನ ಗುಟ್ಟಾಗಿ ಹೇಳಬೇಕಾ?" ಒಮ್ಮೆ ಮುನೀರ್ ಅಂದ, "ಏನು ಮುಚ್ಚಿಡಬೇಕು ಅಂತ ಮುಚ್ಚಿಡೋರು ಹೇಳಬೇಕು, ನಾವಲ್ಲ. ಅವರು ಹೇಳೋದು ಹೆಂಗೆ? ಹೇಳಿದ್ರೆ ಎಲ್ಲರಿಗೂ ಕೇಳ್ಸುತ್ತೆ." ಸಭೆ ಚೆನ್ನಾಗಿ ನಕ್ಕು, ಮಂಡಕ್ಕಿ ತಿಂದು ಎದ್ದಿತು. ಸಿದ್ದವೀರಪ್ಪನವರು ಕೆಟ್ಟವರಲ್ಲ. ಊರಿನಲ್ಲಿ ಯಾರು ಸತ್ತರೂ ಶಾಮಿಯಾನಕ್ಕೆ ಬಾಡಿಗೆ ತೆಗೆದುಕೊಂಡವರಲ್ಲ. ಬಚ್ಚಿಟ್ಟುಕೊಳ್ಳುವವನಲ್ಲಿ ಏನೋ ಐಬು ಇರುತ್ತದೆ ಎಂದು ಮನಸಾರೆ ನಂಬಿದವರು, ಅಷ್ಟೆ. ನನಗೂ ಹೊದಿಕೆಯ ಅವಸರವೇನೂ ಇರಲಿಲ್ಲ. ಜನ ನನ್ನ ಕಾಫಿಯನ್ನು ಕಾಫಿಗಾಗಿಯೇ ಕುಡಿಯಬೇಕಾದ ಕಾಲ ಬಂದರೆ ಗತಿಯೇನು?

ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದವಳು ಕಸ್ತೂರಿ. ಮದುವೆಗೆಂದು ಅಪ್ಪ ಮಾಡಿಸಿಟ್ಟಿದ್ದ ಬಳೆಗಳನ್ನು ಮಾರಿ ವ್ಯಾನು ಕೊಂಡ ಹೆಣ್ಣು. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವುದು ಟಿಫಿನ್ ಡಬ್ಬಿಯನ್ನು ದಾರಿಯಲ್ಲೇ ಖಾಲಿ ಮಾಡುತ್ತದೆ, ಯಾರು ಯಾರ ಜತೆ ಠೂ ಬಿಟ್ಟಿದ್ದಾರೆ, ಎಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, ಇಳಿಯದೆಯೇ ಕಾಫಿ ಕುಡಿದು, "ಪದ್ದಣ್ಣ, ಇವತ್ತು ಡಿಕಾಕ್ಷನ್ ಯಾರ ಮನೆ ಬಾವೀದು?" ಎಂದು ರೇಗಿಸಿ ಹೋಗುತ್ತಿದ್ದಳು. ಆ ವ್ಯಾನಿನ ಸ್ಟೀರಿಂಗು ಹಿಡಿದಾಗ ಅವಳ ಮುಖದಲ್ಲಿ ಇರುತ್ತಿದ್ದ ಗೆಲುವನ್ನು ನಾನು ಮದುವಣಗಿತ್ತಿಯರ ಮುಖದಲ್ಲೂ ಕಂಡಿಲ್ಲ.

ಅವಳ ಮನೆಗೆ ಅವಳ ಚಿಕ್ಕಮ್ಮ ಬಂದರು. ನಿಜವಾದ ಚಿಕ್ಕಮ್ಮ, ತಾಯಿಯ ತಂಗಿ, ಕಾಮಾಕ್ಷಮ್ಮ. ಮುಂಜಾನೆಯ ಬಸ್ಸಿನಿಂದ ಇಳಿದು, ನಿಲ್ದಾಣ ದಾಟಿ, ನಾನು ಆಗಷ್ಟೇ ಬಾಗಿಲು ತೆಗೆಯುತ್ತಿದ್ದ ಅಂಗಡಿಯ ಮುಂದೆಯೇ ಬಿದ್ದರು. ಕೈಕಾಲು ಸೆಟೆದುಕೊಂಡು ಅದುರುತ್ತಿದ್ದವು. ಸುತ್ತ ಯಾರೂ ಇರಲಿಲ್ಲ. ಎಲ್ಲರೂ ಮಾಡುವ ಹಾಗೆ ನಾನೂ ಅಂಗಡಿಯ ಕೀ ಗೊಂಚಲನ್ನು ಅವರ ಅಂಗೈಯಲ್ಲಿ ಒತ್ತಿ ಹಿಡಿದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟವರು ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಕೀ ನೋಡಿದರು. "ಇಲ್ಲೂ ಬಂತಾ ಇದು?" ಎಂದರು. ಆಮೇಲೆ ಎದ್ದು ಕೂತು, ಸೆರಗು ಸರಿಮಾಡಿಕೊಂಡು, "ಹುಡುಗಿಯಾಗಿದ್ದಾಗಿಂದ ಯಾರ್ಯಾರದೋ ಮನೆ ಕೀ ಹಿಡ್ಕೊಂಡೇ ಎದ್ದಿದೀನಪ್ಪ. ಒಬ್ಬರ ಮನೇಲೂ ಒಲೆ ಹಚ್ಚೋಕೆ ಬಿಟ್ಟಿಲ್ಲ. ಈ ಕಸ್ತೂರಿ ಹುಟ್ಟಿದಾಗ ಎತ್ತಿಕೊಳ್ಳೋಕೂ ಬಿಡಲಿಲ್ಲ. ಬಾಗಿಲ ಹತ್ರ ಕೂತ್ಕೊಂಡು, ಅಲ್ಲಿಂದಲೇ ಹಾಡು ಹೇಳಿ ಮಲಗಿಸ್ತಿದ್ದೆ" ಎಂದರು.

ಅಷ್ಟರಲ್ಲಿ ಕಸ್ತೂರಿ ವ್ಯಾನು ನಿಲ್ಲಿಸಿ ಓಡಿ ಬಂದಳು. ಚಿಕ್ಕಮ್ಮನನ್ನು ವ್ಯಾನಿನಲ್ಲಿ ಕೂರಿಸಿ ನನ್ನ ಹತ್ತಿರ ಬಂದು ಹೇಳಿದಳು. "ಪದ್ದಣ್ಣ, ಇವರ ಅಣ್ಣನ ಮನೇಲಿ ಇವರನ್ನ ಗಾಜಿನ ಪಾತ್ರೆ ಥರ ಇಟ್ಟಿದ್ದರು. ಯಾರಿಗೂ ಗೊತ್ತಿಲ್ಲದ ಊರು ಒಂದಾದರೂ ಬೇಕು ಕಣೇ ಅಂತ ನನ್ನ ಹತ್ರ ಬಂದಿದಾರೆ. ನಿಮ್ಮ ಬೆಂಚಿಗೆ ಇದು ಗೊತ್ತಾಗಬಾರದು." ನಾನು ಮಾತು ಕೊಟ್ಟೆ. ಹತ್ತು ಜನರ ಮಾತಿನ ಮೇಲೆ ಅಂಗಡಿ ನಡೆಸುವವನಿಗೆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಆಮೇಲೆ ತಿಳಿಯಿತು.

ಹಿಂದೆ ಅವರ ಊರಿನ ಡಾಕ್ಟರೊಬ್ಬರು ಬರೆದುಕೊಟ್ಟಿದ್ದ ಮಾತ್ರೆಯನ್ನು ಕಸ್ತೂರಿ ತಪ್ಪದೆ ಕೊಟ್ಟಳು, ಕಾಮಾಕ್ಷಮ್ಮ ಮತ್ತೆ ಬೀಳಲಿಲ್ಲ. ಒಲೆ ಹಚ್ಚಿದರು. ಮೊದಲ ದಿನ ರೊಟ್ಟಿ ಸೀದು ಹೋಯಿತಂತೆ, ಸೀದ ರೊಟ್ಟಿಯನ್ನೇ ಇಬ್ಬರೂ ಹಬ್ಬದ ಊಟದ ಹಾಗೆ ತಿಂದರಂತೆ. ಪಕ್ಕದ ಮನೆಯ ಹೆಂಗಸರು ಸಂಡಿಗೆ ಇಡಲು ಕರೆದರು. ಎದುರು ಮನೆಯವಳು ನೀರು ಹಿಡಿಯುವಾಗ ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ಹೋದಳು. ಅವತ್ತು ಕಾಮಾಕ್ಷಮ್ಮ ನನ್ನ ಅಂಗಡಿಗೆ ಬಂದು, ಬೇಕಿಲ್ಲದಿದ್ದರೂ ಒಂದು ಕಾಫಿ ತೆಗೆದುಕೊಂಡು, "ಮಗು ನನ್ನ ಮೇಲೆ ಉಚ್ಚೆ ಹೊಯ್ತು ಕಣಪ್ಪ" ಎಂದು ಬಹುಮಾನ ಬಂದವರ ಹಾಗೆ ಹೇಳಿ ಹೋದರು.

ಹೀಗಿರುವಾಗ ಮಾತ್ರೆ ಸಿಗದಾಯಿತು. ಔಷಧಿ ಅಂಗಡಿಯವನು ಆ ಮಾತ್ರೆ ಈಗ ಬರುತ್ತಿಲ್ಲ, ಬದಲಿಗೆ ಇದನ್ನು ತಗೊಳ್ಳಿ ಎಂದು ಬೇರೊಂದು ಕೊಟ್ಟ. ಕೊಡಬಹುದೋ ಬಾರದೋ ಎಂದು ಡಾಕ್ಟರನ್ನು ಕೇಳಬೇಕಿತ್ತು, ಕೇಳಲು ಕಟ್ಟೆಯೊಂದೇ ದಾರಿ. ಕಸ್ತೂರಿ ವ್ಯಾನಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದಳು. ಅವಳು ಯೋಚಿಸಿದ ಕ್ರಮವನ್ನು ಆಮೇಲೆ ಅವಳೇ ನನಗೆ ಹೇಳಿದಳು. "ಊರೆಲ್ಲಾ ಚಿಕ್ಕಮ್ಮ ಅಂತಲೇ ಬರೆಯುತ್ತೆ, ಹೌದಾ? ನಾನೂ ಚಿಕ್ಕಮ್ಮ ಅಂತಲೇ ಬರೆದುಬಿಟ್ಟರೆ ನಿಜವಾದ ಚಿಕ್ಕಮ್ಮನ ಕಡೆ ಯಾರೂ ತಿರುಗಿ ನೋಡಲ್ಲ ಅನ್ಕೊಂಡೆ." ಲೆಕ್ಕ ಸರಿಯಾಗಿಯೇ ಇತ್ತು. ಕಾಮಾಕ್ಷಮ್ಮನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಹಾಗಾದರೆ ಯಾರ ಕಡೆ ನೋಡುತ್ತಾರೆ ಎಂಬುದನ್ನು ಅವಳು ಮರೆತಿದ್ದಳು.

ನನ್ನ ಬೆಂಚಿನ ಮೇಲೆ ಆ ಮಾತು ಬಿದ್ದಾಗ ನಾನು ಬೋಂಡಾ ಕರಿಯುತ್ತಿದ್ದೆ. ಕಸ್ತೂರಿಯ ಹೆಸರು, ಅವಳ ಪಾಸ್‌ವರ್ಡ್, ಆಮೇಲೆ ನೆಗಡಿಯ ದನಿಯಲ್ಲಿ, 'ನನ್ನ ಚಿಕ್ಕಮ್ಮನಿಗೆ ಮೂರ್ಛೆರೋಗವಿದೆ. ಮಾತ್ರೆ ಬದಲಾಯಿಸಿದರೆ ಮತ್ತೆ ಬೀಳುವ ಭಯವಿದೆಯೇ?' ಬೆಂಚಿನ ಮೇಲಿದ್ದವರಲ್ಲಿ ಕೆಲವರ ಮಕ್ಕಳು ಅದೇ ವ್ಯಾನಿನಲ್ಲಿ ಹೋಗುತ್ತಿದ್ದರು. ಅವರು ಲೋಟದೊಳಗೆ ನೋಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ಮಾರನೆಯ ಬೆಳಿಗ್ಗೆ ಮೊದಲ ಮನೆಯ ತಾಯಿ ಗೇಟಿನ ಹತ್ತಿರ ಬಂದು, "ಇವತ್ತು ಮಗೂಗೆ ಜ್ವರ ಕಸ್ತೂರಿ" ಎಂದಳು. ಮುಂದಿನ ಮನೆಯಲ್ಲೂ ಜ್ವರ. ಅದರ ಮುಂದಿನ ಮನೆಯಲ್ಲಿ ಅಜ್ಜಿಯ ಊರಿಗೆ ಹೋಗಿದ್ದರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ, ನಮ್ಮೂರಿನ ಮರ್ಯಾದೆ ದೊಡ್ಡದು. ಕಂಬಗಳಿಂದ ದೂರ ಇದ್ದ ತೋಟದ ಮನೆಯ ಅಣ್ಣ ತಂಗಿ ಇಬ್ಬರು ಮಕ್ಕಳನ್ನು ಮಾತ್ರ ಕೂರಿಸಿಕೊಂಡು ಅವಳು ಅಷ್ಟು ದೊಡ್ಡ ವ್ಯಾನನ್ನು ಓಡಿಸಿದಳು. ನನ್ನ ಅಂಗಡಿಯ ಮುಂದೆ ನಿಲ್ಲಿಸಿದರೂ ರೇಗಿಸಲಿಲ್ಲ. ಡಾಕ್ಟರ ಉತ್ತರವೇನೋ ಬಂತು. ಅದೇ ಔಷಧಿ, ಹೆಸರು ಮಾತ್ರ ಬೇರೆ, ಧೈರ್ಯವಾಗಿ ಕೊಡಿ ಎಂದು.

ಮುನೀರ್ ಸಭೆ ಕರೆಸಿದ. ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಸಂಜೆ ಸಿದ್ದವೀರಪ್ಪನವರ ಗೋಡೌನಿನಲ್ಲಿ, ಮಡಿಸಿಟ್ಟ ಶಾಮಿಯಾನಗಳ ಮೇಲೆ ಊರು ಕೂತಿತು. ಕಸ್ತೂರಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. "ಅವರ ಮನೆ ಕಷ್ಟ ಅವರು ಡಾಕ್ಟರಿಗೆ ಹೇಳ್ಕೊಂಡ್ರು. ನಮಗೆ ಹೇಳಲಿಲ್ಲ," ಎಂದ ಮುನೀರ್. "ಡಾಕ್ಟರಿಗೆ ಹೇಳಿದ್ದು ನಮ್ಮ ಕಿವಿಗೆ ಬಿತ್ತು ಅಂತ ಒಬ್ಬರ ಅನ್ನ ಕಿತ್ತುಕೊಂಡ್ವಿ. ಹೊದಿಕೆ ಇದ್ದಿದ್ರೆ ಇದು ಆಗ್ತಿತ್ತಾ?" ಹಿಂದಿನಿಂದ ಒಬ್ಬ ತಾಯಿ ಎದ್ದು, ಅಳುತ್ತಲೇ ಹೇಳಿದಳು, "ಕಸ್ತೂರಿ ಮೇಲೆ ನಮಗೇನೂ ಕೋಪ ಇಲ್ಲ ಮುನೀರಣ್ಣ. ಆದರೆ ಕೆರೆ ಏರಿ ಮೇಲೆ ವ್ಯಾನು ಹೋಗುವಾಗ ಅವಳಿಗೇನಾದರೂ ಆದ್ರೆ? ನಾನು ತಾಯಿ ಅಲ್ವಾ?"

ಸಿದ್ದವೀರಪ್ಪನವರು ಕಸ್ತೂರಿಯನ್ನು ಮುಂದಕ್ಕೆ ಕರೆದರು. ಅವರ ಮೊಮ್ಮಗಳೂ ಆ ವ್ಯಾನಿನಲ್ಲೇ ಶಾಲೆಗೆ ಹೋಗುತ್ತಿದ್ದಳು. "ನೋಡಮ್ಮ, ನೀನು ನಮ್ಮ ಮಗಳಿದ್ದ ಹಾಗೆ. ನಿಮ್ಮ ಮನೇಲಿ ನಿಜವಾಗ್ಲೂ ಒಬ್ಬರು ಚಿಕ್ಕಮ್ಮ ಇದ್ದಾರೆ, ಗೊತ್ತು. ಕಾಯಿಲೆ ಅವರಿಗೇ ಅನ್ನೋದಾದ್ರೆ ಹೇಳಿಬಿಡು. ನಾಳೆಯಿಂದಲೇ ಮಕ್ಕಳು ವ್ಯಾನು ಹತ್ತುತ್ತವೆ. ಅವರ ಯೋಚನೇನೂ ನಿನಗೆ ಬೇಡ. ಊರಿಗೆ ಊರೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳುತ್ತೆ. ಒಲೆ ಹತ್ರ, ಬಾವಿ ಹತ್ರ ಬಿಡಲ್ಲ. ಕೈಗೆ ಮಗು ಕೊಡಲ್ಲ. ರಸ್ತೆಗೆ ಬಂದ್ರೆ ಇಬ್ಬರು ಜತೆಗಿರ್ತಾರೆ." ಸುತ್ತಲಿದ್ದ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ಅವರ ಮುಖದಲ್ಲಿದ್ದದ್ದು ಬರೀ ಅಂತಃಕರಣ. ಎದುರು ಮನೆಯವಳು ಮಾತ್ರ ತೊಡೆಯ ಮೇಲಿದ್ದ ಮಗುವನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡಳು.

ಕಸ್ತೂರಿ ಆ ಮಗುವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ. ಅವಳು ಬೇಡವೆನ್ನುವಂತೆ ಒಂದಿಷ್ಟೇ ತಲೆಯಾಡಿಸಿದಳು, ನಾನು ಕೂತೆ. "ಚಿಕ್ಕಮ್ಮನಿಗೆ ಏನೂ ಇಲ್ಲ ಯಜಮಾನ್ರೇ," ಎಂದಳು. "ಕಲ್ಲುಗುಂಡಿನ ಹಾಗಿದ್ದಾರೆ. ಕಾಯಿಲೆ ನನಗೇ. ನೀವೆಲ್ಲ ಬರೆಯೋ ಹಾಗೇ ನಾನೂ ಬರೆದೆ." ವ್ಯಾನಿನ ಕೀಯನ್ನು ಸೆರಗಿನ ತುದಿಯಿಂದ ಬಿಚ್ಚಿ ಸಿದ್ದವೀರಪ್ಪನವರ ಮುಂದಿದ್ದ ಮೇಜಿನ ಮೇಲೆ ಇಟ್ಟಳು. ಕೈ ಒಂದು ಗಳಿಗೆ ಅಲ್ಲೇ ನಿಂತಿತು.

ಸಿದ್ದವೀರಪ್ಪನವರು ಕಣ್ಣೊರೆಸಿಕೊಂಡರು. ಆಮೇಲೆ ಮುನೀರನ ಕಡೆ ತಿರುಗಿ, ಗೆದ್ದ ಧಾಟಿಯಲ್ಲಲ್ಲ, ಬಹಳ ಮೆತ್ತಗೆ ಕೇಳಿದರು. "ಈಗ ಹೇಳಪ್ಪ. ನಿನ್ನ ಹೊದಿಕೆ ಇದ್ದಿದ್ರೆ ನಮ್ಮ ಮಕ್ಕಳು ಇವತ್ತೂ ಆ ವ್ಯಾನಿನಲ್ಲಿ ಇರ್ತಿದ್ವು, ಅಲ್ವಾ?" ಮುನೀರ್ ಕಸ್ತೂರಿಯನ್ನು ನೋಡಿದ, ನೆಲ ನೋಡಿದ. ಹೊದಿಕೆ ಬೇಡ ಎನ್ನುವವರು ಕೈ ಎತ್ತಿ ಎಂದಾಗ ಗೋಡೌನಿನ ತುಂಬ ಕೈಗಳು ಎದ್ದವು. ಆ ಪ್ರಶ್ನೆಯನ್ನು ಅಲ್ಲಿಂದ ಮುಂದೆ ಯಾವ ಸಭೆಯಲ್ಲೂ ಯಾರೂ ಎತ್ತಿಲ್ಲ. ಹೊದಿಕೆ ಯಾಕೆ ಬೇಡ ಎಂದು ಹೊಸಬರು ಯಾರಾದರೂ ಕೇಳಿದರೆ ಕಸ್ತೂರಿಯ ಕಥೆ ಹೇಳುತ್ತಾರೆ.

ವ್ಯಾನನ್ನು ಬೇರೊಬ್ಬ ಕೊಂಡ. ಬೆನ್ನು ನೋವು, ಗೇರು ಹಾಕಲು ಆಗುವುದಿಲ್ಲ ಎಂದು ಕಸ್ತೂರಿ ಮನೆಯಲ್ಲಿ ಹೇಳಿದಳು, ಕಾಮಾಕ್ಷಮ್ಮ ನಂಬಿ ಎಣ್ಣೆ ಕಾಯಿಸಿ ತಿಕ್ಕಿದರು. ಸಿದ್ದವೀರಪ್ಪನವರು ತಮ್ಮ ಅಂಗಡಿಯಲ್ಲೇ ಹರಿದ ಶಾಮಿಯಾನಗಳನ್ನು ಹೊಲಿಯುವ ಕೆಲಸ ಕೊಟ್ಟರು. ಮೆಷಿನ್ನು ಬೇಡ, ಕೈಹೊಲಿಗೆ ಸಾಕು, ನೆಲದ ಮೇಲೆ ಕೂತೇ ಮಾಡು ಎಂದರು. ಊರು ಅವಳನ್ನು ಚೆನ್ನಾಗಿ ನೋಡಿಕೊಂಡಿತು. ರಸ್ತೆ ದಾಟುವಾಗ ಯಾರಾದರೊಬ್ಬರು ಕೈ ಹಿಡಿಯುತ್ತಿದ್ದರು. ಅವಳು ಕಾಫಿಗೆ ಬಂದರೆ ನನ್ನ ಬೆಂಚಿನವರು ಎದ್ದು, ಗೋಡೆಗೆ ಒರಗುವ ಜಾಗ ಬಿಟ್ಟುಕೊಡುತ್ತಿದ್ದರು. ಅವಳು ಅದರಲ್ಲಿ ಕೂತು ಶಾಲೆಯ ಹೊತ್ತಿಗೆ ಹೋಗುವ ವ್ಯಾನನ್ನು ನೋಡುತ್ತಿದ್ದಳು. ಕಿಟಕಿಯಿಂದ ಮಕ್ಕಳು ಕೈ ಬೀಸಿದರೆ ಬೀಸುತ್ತಿದ್ದಳು. ನನಗೆ ಆ ಹೊತ್ತಿನಲ್ಲಿ ಒಳಗೆ ಏನಾದರೂ ಕೆಲಸ ಹುಟ್ಟುತ್ತಿತ್ತು.

ಒಂದು ಮಧ್ಯಾಹ್ನ ಕಾಮಾಕ್ಷಮ್ಮ ಅಂಗಡಿಗೆ ಬಂದರು. ಕಾಫಿ ಕೇಳಲಿಲ್ಲ. ಮೇಲೆ ತಂತಿಯಲ್ಲಿ ಯಾರದೋ ಚಿಕ್ಕಮ್ಮನ ಮಂಡಿ ನೋವು ಹೋಗುತ್ತಿತ್ತು. "ನಿನ್ನೆ ನಾಮಕರಣಕ್ಕೆ ಹೋಗಿದ್ವಪ್ಪ," ಎಂದರು. "ಪಾಯಸದ ಪಾತ್ರೆ ಇಳಿಸೋಕೆ ಕಸ್ತೂರಿ ಎದ್ದಳು. ಇದ್ದಬದ್ದ ಹೆಂಗಸರೆಲ್ಲ ಓಡಿಬಂದು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು, ನೀನು ಕೂತ್ಕೋಮ್ಮ ಅಂತ ಕುರ್ಚಿ ಹಾಕಿದರು. ಮಗೂನ ಎತ್ತಿಕೊಳ್ಳೋಕೆ ಹೋದಳು, ಮಗು ನಿದ್ದೆ ಮಾಡ್ತಿದೆ ಅಂದ್ರು. ಅದು ಕಣ್ಣು ಬಿಟ್ಕೊಂಡು ನಗ್ತಿತ್ತು." ನಾನು ಲೋಟ ತೊಳೆಯುತ್ತಲೇ ಇದ್ದೆ. "ಈ ಥರ ಪ್ರೀತಿ ನನಗೆ ಗೊತ್ತು ಪದ್ದಣ್ಣ. ಬೇರೆ ಯಾವುದೂ ಗೊತ್ತಿಲ್ಲದೇ ಇರಬಹುದು, ಇದು ಗೊತ್ತು. ಅವಳು ಇವರಿಗೆಲ್ಲ ಏನು ಹೇಳಿದಾಳೆ?" ಕಸ್ತೂರಿಗೆ ಕೊಟ್ಟ ಮಾತಿತ್ತು, ನಾನು ಇನ್ನೊಂದು ಲೋಟ ಎತ್ತಿಕೊಂಡೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿದರು. "ಸರಿ, ನೀವು ಹೇಳಬೇಡಿ. ನನ್ನ ಜತೆ ಬನ್ನಿ," ಎಂದು ಹೊರಟರು. ನಾನು ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಹಿಂದೆ ಹೋದೆ.

ಶಾಮಿಯಾನ ಅಂಗಡಿಯಲ್ಲಿ ಮದುವೆಗೆ ಬಾಡಿಗೆ ಮಾತಾಡಲು ಬಂದ ಜನ ತುಂಬಿದ್ದರು. ಕಸ್ತೂರಿ ಮೂಲೆಯಲ್ಲಿ ಕೆಂಪು ಬಟ್ಟೆಯ ರಾಶಿಯ ನಡುವೆ ಕೂತಿದ್ದಳು. ಕಾಮಾಕ್ಷಮ್ಮ ನಡುವೆ ನಿಂತು, ಬಾಗಿಲ ಹತ್ತಿರ ಕೂತು ಹಾಡು ಹೇಳಿದ ಆ ದನಿಯಲ್ಲೇ ಇರಬೇಕು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಕಾಯಿಲೆ ನನಗೆ ಕಣ್ರಪ್ಪ. ಚಿಕ್ಕಂದಿನಿಂದಲೂ ಬೀಳ್ತೀನಿ. ಈ ಹುಡುಗಿಗೆ ಒಂದು ನೆಗಡಿಯೂ ಬಂದಿಲ್ಲ. ಅವಳ ವ್ಯಾನು ಅವಳಿಗೆ ಕೊಡಿ." ಇನ್ನು ಮಾತಿನ ಋಣ ತೀರಿತೆಂದು ನಾನೂ ಹೇಳಿದೆ, "ನಿಜ ಯಜಮಾನ್ರೇ. ನನ್ನ ಅಂಗಡಿ ಮುಂದೆ ಬಿದ್ದಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ."

ಸಿದ್ದವೀರಪ್ಪನವರು ಕುರ್ಚಿಯಿಂದ ಎದ್ದು ಬಂದು ಕಾಮಾಕ್ಷಮ್ಮನಿಗೆ ಕೈ ಮುಗಿದರು. "ತಾಯೀ," ಎಂದರು, "ಹೆತ್ತವರೂ ಹೀಗೆ ಮಾಡಲ್ಲ. ಅವಳ ಕಾಯಿಲೇನ ನಿಮ್ಮ ಮೇಲೆ ಹಾಕ್ಕೋತೀರಲ್ಲ." ಪಕ್ಕದ ಮನೆಯವಳು ಅಲ್ಲೇ ಇದ್ದಳು. "ಇಷ್ಟು ದಿನ ನಮ್ಮ ಜತೆ ಸಂಡಿಗೆ ಇಟ್ಟಿದೀರಿ, ಒಲೆ ಮುಂದೆ ನಿಂತಿದೀರಿ, ಒಂದು ಸಲ ತೂಕಡಿಸಿದ್ದೂ ಕಂಡಿಲ್ಲ. ನಮ್ಮ ಹತ್ರ ಯಾಕೆ ಚಿಕ್ಕಮ್ಮ ಸುಳ್ಳು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿ, "ಪದ್ದಣ್ಣನಿಗೂ ಕರುಳಿದೆ ಅಂತ ಇವತ್ತು ಗೊತ್ತಾಯ್ತು" ಎಂದರು. ಕಾಮಾಕ್ಷಮ್ಮ ಆಣೆ ಇಟ್ಟರು, ಮಾತ್ರೆಯ ಚೀಟಿ ತೋರಿಸಿದರು. ತೋರಿಸಿದಷ್ಟೂ ಜನ ಅತ್ತರು.

ಕೊನೆಗೆ ಅವರು ಸೋತು ಕೆಂಪು ಬಟ್ಟೆಯ ರಾಶಿಯ ಮೇಲೆ ಕಸ್ತೂರಿಯ ಪಕ್ಕದಲ್ಲಿ ಕೂತರು. "ನಾನು ಬಿದ್ದೆ, ಎದ್ದೆ, ಅಭ್ಯಾಸ ಆಗಿತ್ತು," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ನಿನ್ನ ವ್ಯಾನು ಕೊಟ್ಟು ನನ್ನ ಒಲೆ ಯಾಕೆ ಕೊಂಡ್ಕೊಂಡೆಯೇ? ಯಾರು ಕೇಳಿದ್ರು ನಿನ್ನ?"

ಕಸ್ತೂರಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನೀನು ಕೇಳಲಿಲ್ಲ ಚಿಕ್ಕಮ್ಮ. ನೀನು ಯಾವತ್ತೂ ಏನೂ ಕೇಳಿದವಳಲ್ಲ, ಅದಕ್ಕೇ ಕೊಟ್ಟೆ," ಎಂದಳು. ಆಮೇಲೆ ಚಿಕ್ಕಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಮನೆಗೆ ಹೋಗು. ಎದುರು ಮನೆಯವಳು ನೀರು ಹಿಡಿಯೋ ಹೊತ್ತು, ಮಗು ಕಾಯ್ತಾ ಇರುತ್ತೆ."

ಕಾಮಾಕ್ಷಮ್ಮ ತುಂಬ ಹೊತ್ತು ಏಳಲಿಲ್ಲ. ಆಮೇಲೆ ಎದ್ದರು, ಕಣ್ಣೊರೆಸಿಕೊಂಡು ಮಗುವಿನ ಹತ್ತಿರ ಹೋದರು.